ಮೂವತ್ತೈದನೆಯ ಚುಕ್ಕಿ

ಪಿಯಾನೊ ಶ್ರುತಿ ಮಾಡುವವನ ಕೆಲಸವೂ ಅಂಗಳ ಗುಡಿಸುವವರ ಕೆಲಸವೂ ಒಂದೇ. ಮುಗಿಸಿ ಬೆನ್ನು ತಿರುಗಿಸುವಷ್ಟರಲ್ಲಿ ಹಾಳಾಗಲು ಶುರುವಾಗಿರುತ್ತದೆ. ದಕ್ಷಿಣ ಆಸ್ಟ್ರೇಲಿಯಾದ ನಮ್ಮ ಬರ್ರಾ ಕಡೆಯ ಬೇಸಿಗೆ ಮರವನ್ನು ಒಣಗಿಸುತ್ತದೆ, ಚಳಿಗಾಲ ಊದಿಸುತ್ತದೆ, ನಡುವೆ ಸಿಕ್ಕ ತಂತಿ ತಾನೇನು ಮಾಡೀತು, ಜಾರುತ್ತದೆ. ನಲವತ್ತಮೂರು ವರ್ಷ ನಾನು ಮಾಡಿದ ಕೆಲಸದಲ್ಲಿ ಇವತ್ತು ಉಳಿದಿರುವುದು ಹೆಚ್ಚೆಂದರೆ ಹೋದ ತಿಂಗಳದ್ದು. ಇದನ್ನು ಹೇಳಿದರೆ ಜನ ನಗುತ್ತಾರೆ. ಅವರೇನು ಕಳೆದುಕೊಂಡರು, ನಗಲಿ.

ಇದಕ್ಕೇ ಇರಬೇಕು, ನಮ್ಮ ಕಸುಬಿನವರಲ್ಲಿ ಒಂದು ಪದ್ಧತಿ ಬೆಳೆದಿದೆ. ಕೆಲಸ ಮುಗಿದ ಮೇಲೆ ಎಡತುದಿಯ ಕೀಯನ್ನು ಹೊರಗೆಳೆದು, ಅದರ ಮರದ ಪಕ್ಕೆಯ ಮೇಲೆ ಪೆನ್ಸಿಲಿನಲ್ಲಿ ತಾರೀಕು ಬರೆದು, ಹೆಸರಿನ ಮೊದಲಕ್ಷರ ಹಾಕಿ, ಮತ್ತೆ ಒಳಗಿಡುತ್ತೇವೆ. ಮನೆಯವರಿಗೆ ಅದು ಕಾಣುವುದಿಲ್ಲ. ಮುಂದೆ ಬರುವ ಕಸುಬಿನವನಿಗೆ ಮಾತ್ರ ಕಾಣುತ್ತದೆ. ನನಗೆ ವಿದ್ಯೆ ಕಲಿಸಿದ ಯಜಮಾನರು ಹೆಡ್ಲಿ ಪ್ಯಾಸ್ಕೋ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. "ಒಂದು ತಂತಿ ಮುಟ್ಟಿದ್ರೂ ಬರೀಬೇಕು ಕ್ಲೆಮ್. ಬರೀದೆ ಹೋದ್ರೆ ಅದು ಕಳ್ಳತನ," ಎನ್ನುತ್ತಿದ್ದರು. ಅವರು ಇನ್ನೊಂದು ಮಾತನ್ನೂ ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದರು. "ನಿನ್ನ ಕಿವಿ ಚೆನ್ನಾಗಿದೆ ಕಣೋ. ಆದ್ರೆ ಕಿವಿಗಿಂತ ಮುಂಚೆ ನಿನ್ನ ಕೈ ಓಡುತ್ತೆ." ಏಳು ವರ್ಷ ಅವರ ವ್ಯಾನಿನಲ್ಲಿ ಕುರಿ ಫಾರ್ಮುಗಳಿಂದ ಕುರಿ ಫಾರ್ಮುಗಳಿಗೆ ತಿರುಗುತ್ತಾ ಈ ಮಾತನ್ನು ಕೇಳಿದ್ದೇನೆ. ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟಿದ್ದೇನೆ ಎಂದರೂ ಸರಿ.

ಯಜಮಾನರು ಹೋಗಿ ನಾಲ್ಕು ವರ್ಷವಾಯಿತು. ಜೂನ್ ಹದಿನಾಲ್ಕರಂದು ತಮ್ಮ ಮನೆಯ ಪಿಯಾನೊ ಶ್ರುತಿ ಮಾಡಿದರು, ಜುಲೈ ಎರಡಕ್ಕೆ ಎದೆ ಹಿಡಿದುಕೊಂಡು ಹೋದರು. ಜೂನ್ ಹದಿನಾಲ್ಕು ಅವರು ಮದುವೆಯಾದ ದಿನ. ಊರಿನವರ ಪಿಯಾನೊಗಳಿಗೆಲ್ಲ ವರ್ಷಕ್ಕೆ ಎರಡು ಸಲ, ಸ್ವಂತ ಮನೆಯದಕ್ಕೆ ಒಂದೇ ಸಲ, ಅದೂ ಹೆಂಡತಿಗೆ ಉಡುಗೊರೆ ಎಂದು. ಹೂವು ತರುವ ಖರ್ಚು ಉಳಿಯಿತು ಎಂದು ಮಿಸೆಸ್ ಪ್ಯಾಸ್ಕೋ ಹಂಗಿಸುತ್ತಿದ್ದರು. ಯಜಮಾನರು ಹೋದ ಮೇಲೆ ಆಕೆ ಪಿಯಾನೊಗೆ ಬೀಗ ಹಾಕಿದರು. ನಾನು ಎರಡು ಸಲ ಬಂದು ಮಾಡಿಕೊಡುತ್ತೇನೆ ಎಂದೆ. ಎರಡು ಸಲವೂ ಬೇಡ ಎಂದರು. ಮೂರನೇ ಸಲ ಕೇಳುವ ಧೈರ್ಯ ನನಗಾಗಲಿಲ್ಲ.

ಹೀಗಿರುವಾಗ ಕಳೆದ ಜುಲೈನಲ್ಲಿ ಅವರದೇ ಫೋನ್ ಬಂತು.

"ಕ್ಲೆಮ್, ನಾಳೆ ಬಾ. ಸುತ್ತಿಗೆ ಬಿಟ್ಟು ಬಾ."

ಸುತ್ತಿಗೆ ಎಂದರೆ ನಾವು ತಂತಿಯ ಬಿರಡೆ ತಿರುಗಿಸುವ ಹಿಡಿ. ಹೆಸರಿಗೆ ಸುತ್ತಿಗೆ, ಅದರಲ್ಲಿ ಹೊಡೆಯುವುದಿಲ್ಲ.

"ಸುತ್ತಿಗೆ ಬಿಟ್ಟು ಬಂದು ಏನು ಮಾಡ್ಲಿ ಮಿಸೆಸ್ ಪ್ಯಾಸ್ಕೋ?"

"ಕಿವಿ ತಗೊಂಡು ಬಾ. ಇನ್ನೂ ಇದ್ರೆ."

ಆಕೆಯ ಹೆಸರು ಎನಿಡ್. ಹಾಗೇ ಕರಿ ಎಂದು ನಲವತ್ತು ವರ್ಷ ಹೇಳಿ ಸೋತು ಬಿಟ್ಟಿದ್ದಾರೆ. ಊರಿನ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿದವರನ್ನು ಬರಿ ಹೆಸರು ಹಿಡಿದು ಕರೆಯಲು ನನ್ನ ನಾಲಿಗೆ ಏಳುವುದಿಲ್ಲ.

ಮರುದಿನ, ಜುಲೈ ಹತ್ತೊಂಬತ್ತಕ್ಕೆ, ಹೋದೆ. ಚೀಲದಲ್ಲಿ ಸುತ್ತಿಗೆ ಇತ್ತು. ಬಿಟ್ಟು ಬಾ ಎಂದಿದ್ದರು, ನಿಜ. ಆದರೆ ಅದಿಲ್ಲದ ಚೀಲ ಹೆಗಲಿಗೆ ಹಗುರವಾಗಿ, ಏನೋ ಮರೆತು ಬಂದಂತೆ ದಾರಿಯುದ್ದಕ್ಕೂ ಕಾಡುತ್ತದೆ. ನಾನು ಅದಿಲ್ಲದೆ ಸಾವಿನ ಮನೆಗೂ ಹೋದವನಲ್ಲ.

ಮನೆಯಲ್ಲಿ ಮೊಮ್ಮಗಳು ಟಾಮ್ಸಿನ್ ಇದ್ದಳು. ಅಡಿಲೇಡಿನಲ್ಲಿರುತ್ತಾಳೆ, ಇಪ್ಪತ್ತೆರಡು ವಯಸ್ಸು, ಪಿಯಾನೊಗೆ ಸಣ್ಣ ಸಣ್ಣ ತುಣುಕುಗಳನ್ನು ಕಟ್ಟುತ್ತಾಳೆ. ಅವಳ ಹಿಂದಿನ ಗಾನತಟ್ಟೆಯೊಂದನ್ನು ನಾನು ಕೇಳಿದ್ದೆ. ಎಡಗೈಯಲ್ಲಿ ಮೂರು ಸ್ವರ, ಅದೇ ಮೂರು, ಮತ್ತೆ ಅದೇ ಮೂರು. ಬಲಗೈಯಲ್ಲಿ ಯಾವಾಗಲಾದರೂ ಒಂದು. ಪಿಯಾನೊ ಒಳಗೆ ತಂತಿಗೆ ಬಡಿಯುವ ಪುಟ್ಟ ಸುತ್ತಿಗೆಗಳಿಗೂ ತಂತಿಗಳಿಗೂ ನಡುವೆ ಉಣ್ಣೆಪಟ್ಟಿ ಇಟ್ಟು, ಪಿಯಾನೊಗೆ ನೆಗಡಿಯಾದಂತೆ ಮಾಡಿರುತ್ತಾಳೆ. ಜನ ಅದನ್ನು ಕೇಳಿ ಮನಸ್ಸು ಶಾಂತವಾಯಿತು ಎನ್ನುತ್ತಾರಂತೆ. ನನಗೆ ಕೇಳುತ್ತಿದ್ದದ್ದು ಕುರ್ಚಿಯ ಕಿರಕಿರ.

"ಹೊಸ ತಟ್ಟೆ ಮಾಡ್ತಿದೀನಿ ಕ್ಲೆಮ್ ಅಂಕಲ್. ಈ ಪಿಯಾನೊದಲ್ಲೇ," ಎಂದಳು.

"ಈ ಸಲ ನಾಲ್ಕು ಸ್ವರ ಹಾಕ್ತೀಯಾ? ಇಲ್ಲ ಅದೂ ದುಂದು ಅನ್ಸುತ್ತಾ?"

"ಎಷ್ಟು ಅಂತ ನೀವೇ ಹೇಳ್ಬೇಕು. ಅದಕ್ಕೇ ಕರೆಸಿದ್ದು."

ಆಮೇಲೆ ಮಿಸೆಸ್ ಪ್ಯಾಸ್ಕೋ ವಿಷಯ ಬಿಡಿಸಿ ಹೇಳಿದರು. ನಾಲ್ಕು ವರ್ಷದಿಂದ ಪ್ರತಿ ಭಾನುವಾರ ಚರ್ಚಿನಿಂದ ಬಂದು ಬೀಗ ತೆಗೆದು, ಎಂಬತ್ತೆಂಟು ಕೀಗಳನ್ನೂ ಎಡದಿಂದ ಬಲಕ್ಕೆ ಒಂದೊಂದೇ ಸಲ ಒತ್ತುತ್ತಾರೆ. ಹಾಜರಿ ತೆಗೆದುಕೊಂಡಂತೆ. ಗಂಡ ಬಿಟ್ಟುಹೋದ ಹಾಗೇ ಯಾವುದಿದೆ, ಯಾವುದು ಹಾಳಾಯಿತು ಎಂದು ನೋಡುತ್ತಾರೆ. ಮೊದಲ ವರ್ಷ ಹೆಚ್ಚು ಹೋಗಲಿಲ್ಲ. ಅರ್ಧ ಗಜ ದಪ್ಪದ ಕಲ್ಲಿನ ಗೋಡೆ, ಮುಚ್ಚಿದ ಕಿಟಕಿ, ಪಿಯಾನೊ ಅಲ್ಲಾಡಿಸಿದವರಿಲ್ಲ. ಆಮೇಲಾಮೇಲೆ ಬೇಗ ಬೇಗ ಹೋಗತೊಡಗಿದವು. ಈ ಚಳಿಗಾಲದಲ್ಲಿ ವಾರಕ್ಕೊಂದು ಎರಡು.

"ಅವರ ಕೈಕೆಲಸದಲ್ಲಿ ಉಳಿದಿರೋದು ಇದೊಂದೇ ಕ್ಲೆಮ್," ಎಂದರು. "ನಾನು ಸಾಯೋ ಮುಂಚೆ ಇದೇ ಸಾಯೋ ಹಾಗಿದೆ. ಪೂರ್ತಿ ಹೋಗೋ ಮುಂಚೆ ಹಿಡಿದಿಡು ಅಂತ ಇವಳಿಗೆ ಹೇಳ್ದೆ."

"ತಾತನ ಶ್ರುತಿಯಲ್ಲಿ ಯಾವ ಸ್ವರ ಇನ್ನೂ ಸರಿಯಾಗಿ ನಿಂತಿದಾವೋ ಅವನ್ನಷ್ಟೇ ಇಟ್ಕೊಂಡು ಬರೀತೀನಿ," ಎಂದಳು ಟಾಮ್ಸಿನ್. "ಹೊರಗಿನದು ಒಂದೂ ಬೇಡ. ಕೂದಲೆಳೆ ಅಲುಗಿದ್ರೂ ಬೇಡ. ನಿಂತಿರೋದಕ್ಕೆಲ್ಲ ಇದನ್ನ ಅಂಟಿಸಿ." ಒಂದು ಹಾಳೆ ಕೊಟ್ಟಳು. ಅದರ ತುಂಬ ಸಣ್ಣ ನೀಲಿ ಅಂಟು ಚುಕ್ಕಿಗಳು.

ಎಂಬತ್ತೆಂಟರಲ್ಲಿ ಎಷ್ಟು ಸಿಕ್ಕರೆ ಅಷ್ಟರಲ್ಲೇ ಸಂಗೀತ. ಅವಳ ನಾಲ್ಕು ಸ್ವರದ ಹುಚ್ಚಿಗೆ ಇದಕ್ಕಿಂತ ಒಳ್ಳೆಯ ನೆಪ ಇರಲಿಲ್ಲ ಎಂದುಕೊಂಡೆ. ಆದರೆ ಆ ಮಾತು ಬಾಯಿಂದ ಬರಲಿಲ್ಲ. ಯಜಮಾನರ ಕೆಲಸದ ಮೇಲೆ ತೀರ್ಪು ಕೊಡಲು ಅವರ ಹೆಂಡತಿಯೇ ನನ್ನನ್ನು ಕರೆಸಿದ್ದರು.

ಟಾಮ್ಸಿನ್ ಪೇಟೆಗೆ ಹೋದಳು. ಮಿಸೆಸ್ ಪ್ಯಾಸ್ಕೋ ಅಡುಗೆಮನೆ ಸೇರಿದರು. ನಾನು ಮುಂದಿನ ಹಲಗೆ ತೆಗೆದು ಕೂತೆ.

ಪಿಯಾನೊದ ಎಡಗಡೆ ಬಿಟ್ಟರೆ ಒಂದೊಂದು ಕೀಗೂ ಮೂರು ಮೂರು ತಂತಿ. ಮೂರೂ ಒಂದೇ ಎಂಬಂತೆ ನುಡಿದರೆ ಸ್ವರ ನಿಂತಿದೆ ಎಂದು ಅರ್ಥ. ಒಂದು ಜಾರಿದರೂ ಸ್ವರದೊಳಗೆ ಸಣ್ಣಗೆ ಅಲೆ ಏಳುತ್ತದೆ. ನಾನು ಎಡತುದಿಯಿಂದ ಹೊರಟೆ. ಹೋದದ್ದನ್ನು ಬಿಟ್ಟೆ, ಇದ್ದದ್ದಕ್ಕೆ ನೀಲಿ ಚುಕ್ಕಿ ಇಟ್ಟೆ. ನಿಂತ ಸ್ವರಗಳು ಎಷ್ಟು ಚೆನ್ನಾಗಿ ನಿಂತಿದ್ದವು ಎಂದರೆ ನನಗೆ ಹೊಟ್ಟೆಕಿಚ್ಚಾಯಿತು. ನಾಲ್ಕು ವರ್ಷ ಹಿಂದೆ, ಎಪ್ಪತ್ತೆಂಟರ ಮುದುಕ, ನಡುಗುವ ಕೈಯಲ್ಲಿ ಬಿರಡೆಗಳನ್ನು ಇಷ್ಟು ಭದ್ರವಾಗಿ ಕೂರಿಸಿದ್ದಾರೆ. ನಾನು ಮಾಡಿದ್ದು ಎರಡು ವರ್ಷ ನಿಂತರೆ ಹೆಚ್ಚು.

ಎಡಗೈ ಕೀ ಒತ್ತುತ್ತಿತ್ತು. ಬಲಗೈಯಲ್ಲಿ ಸುತ್ತಿಗೆ ಇತ್ತು. ಯಾವಾಗ ಚೀಲದಿಂದ ತೆಗೆದೆನೋ ಗೊತ್ತಿಲ್ಲ. ಅದನ್ನು ಬಿರಡೆಯ ಮೇಲೆ ಊರಿಕೊಂಡೇ ನಾನು ಕೇಳುವುದು, ಕನ್ನಡಕ ಹಾಕಿಕೊಂಡೇ ಫೋನಿನಲ್ಲಿ ಮಾತಾಡುವವರ ಹಾಗೆ.

"ಶನಿವಾರದ ಫುಟ್‌ಬಾಲ್ ಏನಾಯ್ತು?" ಅಡುಗೆಮನೆಯಿಂದ ಕೇಳಿದರು.

"ಕೇಳ್ಬೇಡಿ. ನಮ್ಮ ಹುಡುಗರು ಕಂಬ ಎಲ್ಲಿದೆ ಅಂತ ಹುಡುಕೋದ್ರಲ್ಲೇ ಆಟ ಮುಗೀತು."

"ಹೋದ ವರ್ಷವೂ ಹಾಗೇ."

"ಹೋದ ವರ್ಷ ಚೆಂಡನ್ನೂ ಹುಡುಕ್ತಿದ್ರು."

ಆಕೆ ನಕ್ಕರು. ನಾನೂ ನಗುತ್ತಾ ನಡುಭಾಗದ, ಎ ಎಂದು ಕರೆಯುವ ಸ್ವರವನ್ನು ಒತ್ತಿದೆ. ಬಲಗಡೆಯ ತಂತಿ ಜಾರಿತ್ತು, ಹೆಚ್ಚಲ್ಲ, ಒಂದು ಚೂರು. ಅಲೆ ಎದ್ದಿತು. ಆ ಅಲೆ ನಿಧಾನವಾಗಿ ಉದ್ದವಾಯಿತು, ಇನ್ನೂ ಉದ್ದವಾಯಿತು, ನಿಂತಿತು. ಮೂರು ತಂತಿ ಒಂದಾದವು. ಆಹಾ ಎನಿಸಿತು.

ಆಮೇಲೆ ಹೊಳೆಯಿತು. ಅಲೆ ತಾನಾಗಿ ನಿಲ್ಲುವುದಿಲ್ಲ. ನನ್ನ ಕೈ ನಿಲ್ಲಿಸಿತ್ತು.

ಸುತ್ತಿಗೆಯನ್ನು ಬಿಸಿ ಬಾಣಲೆಯಿಂದ ಕೈ ತೆಗೆದಂತೆ ತೆಗೆದೆ. ಮತ್ತೆ ಹಿಂದಕ್ಕೆ ತಿರುಗಿಸಲೇ ಎಂದುಕೊಂಡೆ. ಹಾಗೆ ಮಾಡಿದರೆ ಅದು ಯಜಮಾನರದ್ದಾಗುವುದಿಲ್ಲ, ನಾನು ಎರಡು ಸಲ ಕೆಡಿಸಿದ್ದಾಗುತ್ತದೆ. ಚುಕ್ಕಿ ಇಡದೆ ಮುಂದೆ ಹೋದರಾಯಿತು, ಹೇಗೂ ಹೋಗಿದ್ದ ಸ್ವರ ತಾನೇ. ಇದು ನ್ಯಾಯವಾದ ದಾರಿಯಾಗಿತ್ತು. ನಿಜವಾಗಿ ನಿಂತಿದೆಯೇ ಎಂದು ಸುಮ್ಮನೆ ಇನ್ನೊಂದು ಸಲ ಒತ್ತಿದೆ, ಅದೇ ನನ್ನ ಗ್ರಹಚಾರ. ಟೀ ತಟ್ಟೆ ಹಿಡಿದು ಬರುತ್ತಿದ್ದ ಮಿಸೆಸ್ ಪ್ಯಾಸ್ಕೋ ಬಾಗಿಲಲ್ಲೇ ನಿಂತರು.

"ಅದು ಎ ಅಲ್ವಾ?"

"ಹೌದು."

"ಅದು ಹೋಗಿತ್ತು ಕ್ಲೆಮ್. ಜೂನ್ ಎರಡನೇ ಭಾನುವಾರ ಹೋಯ್ತು. ನಾನೇ ಕೇಳಿದೀನಿ." ತಟ್ಟೆಯನ್ನು ಕುರ್ಚಿಯ ಮೇಲಿಟ್ಟರು. "ಇನ್ನೊಂದ್ಸಲ ಒತ್ತು."

ಒತ್ತಿದೆ. ಎ ನಮ್ಮ ಕಸುಬಿನವರು ಮೊದಲು ಮುಟ್ಟುವ ಸ್ವರ. ಉಕ್ಕಿನ ಕವಲುಕಡ್ಡಿಯನ್ನು ಮೊಣಕಾಲಿಗೆ ತಟ್ಟಿ, ಕಿವಿಗೆ ಹಿಡಿದು, ಅದರಿಂದ ಎ ಹೊಂದಿಸಿಕೊಂಡು, ಮಿಕ್ಕದ್ದನ್ನೆಲ್ಲ ಅದರಿಂದ ಕಟ್ಟುತ್ತೇವೆ. ನಲವತ್ತೊಂದು ಜೂನ್ ಹದಿನಾಲ್ಕರ ಬೆಳಿಗ್ಗೆ ಅಡುಗೆಮನೆಯಲ್ಲಿ ನಿಂತು ಆಕೆ ಮೊದಲು ಕೇಳಿದ್ದು ಇದನ್ನೇ.

"ಸರಿಯಾಗಿದೆ," ಎಂದರು. ಧ್ವನಿ ತೆಳ್ಳಗಾಗಿತ್ತು. "ಸರಿಯಾಗಿದೆ ಅಲ್ವಾ?"

ಆಗ ಹೇಳಬೇಕಿತ್ತು. ಬಾಯಿ ತೆರೆದೆ, ಹೇಳಲೆಂದೇ ತೆರೆದೆ. ಆಕೆಯ ಮುಖ ನೋಡಿದೆ. ನಾಲ್ಕು ವರ್ಷದಲ್ಲಿ ಆ ಮುಖ ಹಾಗೆ ಅರಳಿದ್ದನ್ನು ನಾನು ನೋಡಿರಲಿಲ್ಲ.

"ಚಳಿಗೆ ಹೋಗಿ, ಒಣಹವೆಗೆ ವಾಪಸ್ ಬಂದಿರುತ್ತೆ," ಎಂದೆ. "ಒಂದೊಂದು ಸಲ ಹಾಗಾಗುತ್ತೆ."

ಹಾಗಾಗುವುದಿಲ್ಲ. ಹಾಗಾಗಿದ್ದನ್ನು ನಾನು ನೋಡಿಲ್ಲ. ಕಸುಬುದಾರನೊಬ್ಬ ತನ್ನ ಕಸುಬಿನ ಮೇಲೆ ಆಣೆಯಿಟ್ಟಂತೆ ಸುಳ್ಳು ಹೇಳಿದರೆ ಯಾರು ತಾನೇ ಅನುಮಾನಿಸುತ್ತಾರೆ? ಹಾಳೆಯಿಂದ ನೀಲಿ ಚುಕ್ಕಿ ಕಿತ್ತು ಆ ಕೀ ಮೇಲೆ ಅಂಟಿಸಿದೆ. ಬಲತುದಿ ಮುಟ್ಟುವ ಹೊತ್ತಿಗೆ ಮೂವತ್ತೈದು ಚುಕ್ಕಿಗಳಾದವು. ನನಗೆ ಮಾತ್ರ ಲೆಕ್ಕ ಮೂವತ್ತನಾಲ್ಕು. ಆಕೆ ಅವತ್ತು ಮಾಡಿದ್ದ ಕ್ವಾಂಡಾಂಗ್ ಎಂಬ ಕಾಡುಹಣ್ಣಿನ ಕಡುಬು ನನಗೆ ಬಹಳ ಇಷ್ಟದ್ದು, ಎರಡು ತುಂಡು ತಿಂದೆ, ರುಚಿ ಯಾವುದೆಂದು ತಿಳಿಯಲಿಲ್ಲ.

ಮೂರು ವಾರದ ನಂತರ, ಆಗಸ್ಟ್ ಎರಡನೇ ಗುರುವಾರ, ಕೇಳಿಸುತ್ತೇನೆ ಬನ್ನಿ ಎಂದು ಟಾಮ್ಸಿನ್ ಕರೆದಳು. ಮುಂದಿನ ಕೋಣೆಯ ಕಿಟಕಿಗಳಿಗೆ ಕಂಬಳಿ ಕಟ್ಟಿದ್ದಳು. ಪಿಯಾನೊದ ಹೊಟ್ಟೆಯೊಳಕ್ಕೆ ಇಣುಕುವಂತೆ ಎರಡು ಮೈಕು. ರೆಕಾರ್ಡಿಂಗ್ ಮುಗಿದಿತ್ತು. ಒಂಬತ್ತು ತುಣುಕು. ನಾನೂ ಮಿಸೆಸ್ ಪ್ಯಾಸ್ಕೋ ಅವರೂ ಸೋಫಾದಲ್ಲಿ ಕೂತೆವು. ಮನೆಯ ನಾಯಿ ನಮ್ಮ ಕಾಲ ಬಳಿ.

ಹಂಗಿಸಲು ಸಿದ್ಧನಾಗಿಯೇ ಹೋಗಿದ್ದೆ. ಮೊದಲ ತುಣುಕಿನಲ್ಲಿ ಐದು ಸ್ವರ. ಒಂದು ನುಡಿದು, ಅದು ಪೂರ್ತಿ ಆರುವವರೆಗೆ ಇನ್ನೊಂದು ಬರುವುದಿಲ್ಲ. ನಡುವೆ ಮಂಚದ ಹಲಗೆ ಕಿರುಗುಟ್ಟಿದಂತೆ ಪೆಡಲಿನ ಸದ್ದು, ಎಲ್ಲೋ ನಾಯಿಯ ಉಗುರು ನೆಲದ ಮೇಲೆ. ಎರಡನೆಯದರಲ್ಲಿ ಎಡಗೈ ಒಂದೇ ಹೆಜ್ಜೆಯಲ್ಲಿ ನಡೆಯುತ್ತದೆ, ಬಲಗೈ ನಡುನಡುವೆ ಜೊತೆಗೂಡುತ್ತದೆ. ಹೋಗಿರುವ ಸ್ವರ ಬರಬೇಕಾದ ಕಡೆ ಅವಳು ಏನನ್ನೂ ತುಂಬಿರಲಿಲ್ಲ. ಅಲ್ಲಿ ಸುಮ್ಮನಿದ್ದಳು. ಆ ಸುಮ್ಮನಿರುವುದರಲ್ಲಿ ಹೋದದ್ದು ಯಾವುದು ಎಂದು ತಾನಾಗಿ ತಿಳಿಯುತ್ತಿತ್ತು. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ನನ್ನ ಕೊಂಕು ಎಲ್ಲಿ ಹೋಯಿತೋ. ಇವಳ ಸಂಗೀತದಲ್ಲಿ ಏನೂ ಇಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವನು ನಾನು. ಒಂದು ಸ್ವರ ಹೇಗೆ ಸಾಯುತ್ತದೆ ಎಂದು ಜೀವಮಾನವಿಡೀ ಕೇಳುವುದೇ ನನ್ನ ಕಸುಬು, ಅವಳೂ ಅದನ್ನೇ ಕೇಳುತ್ತಿದ್ದಳು, ನನಗೇ ತಿಳಿದಿರಲಿಲ್ಲ. ನಾಚಿಕೆಯಾಯಿತು.

ಒಂಬತ್ತನೆಯದು ಎ ಸ್ವರದಿಂದ ಶುರುವಾಯಿತು.

ಬರಿಯ ಎ. ಕವಲುಕಡ್ಡಿ ತಟ್ಟಿ ಕಿವಿಗೆ ಹಿಡಿಯುವಷ್ಟು ಹೊತ್ತು ಬಿಟ್ಟು, ಮತ್ತೆ ಎ. ಅದರ ಸುತ್ತ ಬೇರೆ ಸ್ವರಗಳು ಒಂದೊಂದಾಗಿ ಬಂದು ಒಂದೊಂದಾಗಿ ಹೋಗುತ್ತವೆ. ಎ ಮಾತ್ರ ಹೋಗುವುದಿಲ್ಲ. ಏಳು ನಿಮಿಷ. ಕೊನೆಯಲ್ಲಿ ಎಲ್ಲ ಹೋಗಿ ಅದೊಂದೇ ಉಳಿಯುತ್ತದೆ.

ಮಿಸೆಸ್ ಪ್ಯಾಸ್ಕೋ ನನ್ನ ಕೈ ಹಿಡಿದುಕೊಂಡರು. ಆ ಬಲಗೈಯನ್ನೇ. "ವಾಪಸ್ ಬಂದಿದ್ದು," ಎಂದು ಮೊಮ್ಮಗಳಿಗೆ ಹೇಳಿದರು. "ಹೋಗಿ ವಾಪಸ್ ಬಂದಿದ್ದು ಅದೊಂದೇ."

ಟಾಮ್ಸಿನ್ ತಟ್ಟೆಯ ಹೊರಹೊದಿಕೆಯ ಮಾದರಿ ತೋರಿಸಿದಳು. ತಟ್ಟೆಯ ಹೆಸರು 'ಜೂನ್ ಹದಿನಾಲ್ಕು'. ಹಿಂಬದಿಯಲ್ಲಿ ಒಂದೇ ಸಾಲು: ಇದರಲ್ಲಿರುವ ಪ್ರತಿ ಸ್ವರವೂ ಹೆಡ್ಲಿ ಪ್ಯಾಸ್ಕೋ ಕೊನೆಯ ಸಲ ಶ್ರುತಿ ಮಾಡಿ ಬಿಟ್ಟದ್ದು.

"ಸೋಮವಾರ ಅಚ್ಚಿಗೆ ಕಳಿಸ್ತೀನಿ. ಎಲ್ಲ ಸರಿಯಾಗಿದೆಯಾ ಕ್ಲೆಮ್ ಅಂಕಲ್?"

"ನನ್ನನ್ಯಾಕೆ ಕೇಳ್ತೀಯ?" ಎಂದೆ, ಸ್ವಲ್ಪ ಜೋರಾಗಿಯೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ನಾನು. ಅವಳು ಅಚ್ಚರಿಯಿಂದ ನೋಡಿದಳು. ತಲೆನೋವು ಎಂದು ಹೇಳಿ ಎದ್ದು ಬಂದೆ.

ಶುಕ್ರವಾರವೂ ಶನಿವಾರವೂ ನನ್ನ ಜೊತೆ ನಾನೇ ವಾದ ಮಾಡಿದೆ. ಮೂರು ತಂತಿಗಳಲ್ಲಿ ಎರಡು ಅವರದೇ ತಾನೇ. ನಾನು ಹೊಂದಿಸಿದ್ದೂ ಅವರ ತಂತಿಗೇ ತಾನೇ. ಯಾರಿಗೆ ಗೊತ್ತಾಗುತ್ತದೆ, ಯಾರಿಗೆ ನಷ್ಟ? ಹೇಳಿದರೆ ಆಕೆಯ ಒಂದು ಸಂತೋಷವನ್ನು ಕಿತ್ತುಕೊಂಡಂತೆ. ಹೇಳದಿದ್ದರೆ ಯಜಮಾನರ ಹೆಸರಿನ ಕೆಳಗೆ ನನ್ನ ಕೆಲಸ ಕಳ್ಳನಂತೆ ಕೂತಿರುತ್ತದೆ, ಅಚ್ಚಾಗಿ, ಎಂದೆಂದಿಗೂ. ನುಂಗಲಾರದ ಬಿಸಿ ತುಪ್ಪ. ನನ್ನ ಕೆಲಸದಲ್ಲಿ ಉಳಿಯುವಂಥದ್ದು ಒಂದೂ ಇಲ್ಲ ಎಂದು ಕೊರಗುತ್ತಿದ್ದೆನಲ್ಲ, ಉಳಿಯುವಂಥದ್ದು ಕೊನೆಗೂ ಒಂದು ಸಿಕ್ಕಿತು, ಅದೂ ಹೀಗೆ.

ಭಾನುವಾರ ಚರ್ಚು ಬಿಡುವ ಹೊತ್ತಿಗೆ ಹೋದೆ. ಸುತ್ತಿಗೆಯನ್ನು ಮನೆಯಲ್ಲಿ ಬಿಟ್ಟು ಹೋದೆ. ಮಿಸೆಸ್ ಪ್ಯಾಸ್ಕೋ ಚರ್ಚಿನ ಉಡುಪಿನಲ್ಲೇ ಪಿಯಾನೊ ಮುಂದೆ ಕೂತಿದ್ದರು. ಈಗ ಹಾಜರಿ ಮೂವತ್ತೈದಕ್ಕೆ ಇಳಿದಿತ್ತು, ಚುಕ್ಕಿಯಿದ್ದವಕ್ಕೆ ಮಾತ್ರ. ನನ್ನನ್ನು ನೋಡಿ ಕೂರು ಎಂದು ಕಣ್ಣಲ್ಲೇ ಹೇಳಿ ಮುಂದುವರಿಸಿದರು. ಎ ಹತ್ತಿರ ಬಂದಾಗ ಬೆರಳು ಇಡುವ ಮುಂಚೆ ಸಣ್ಣಗೆ ನಕ್ಕರು. ಅದನ್ನು ನನಗೆ ನೋಡಲಾಗಲಿಲ್ಲ.

"ಅದು ವಾಪಸ್ ಬಂದಿಲ್ಲ ಮಿಸೆಸ್ ಪ್ಯಾಸ್ಕೋ. ನಾನು ಎಳೆದದ್ದು."

ಬೆರಳು ನಿಂತಿತು.

"ಅವತ್ತು ಸುತ್ತಿಗೆ ತಂದಿದ್ದೆ. ಮಾತಾಡ್ತಾ ಮಾತಾಡ್ತಾ ಕೈ ಹೋಯ್ತು. ಬೇಕು ಅಂತ ಮಾಡಿದ್ದಲ್ಲ. ಆದ್ರೆ ಸುಳ್ಳು ಹೇಳಿದ್ದು ಬೇಕು ಅಂತಲೇ."

ಆಕೆ ಕೈಯನ್ನು ಕೀ ಮೇಲಿಂದ ತೆಗೆದು ಮಡಿಲಲ್ಲಿಟ್ಟುಕೊಂಡರು. ಬಾಗಿಲಲ್ಲಿ ಟಾಮ್ಸಿನ್ ಬಂದು ನಿಂತಿದ್ದಳು.

"ಮೂರರಲ್ಲಿ ಎರಡು ತಂತಿ ಯಜಮಾನರದ್ದೇ," ಎಂದೆ. ಯಾಕೆ ಎಂದೆನೋ.

"ಮೂರು ಲೋಟದಲ್ಲಿ ಒಂದು ಲೋಟ ನೀರು ಸುರಿದು ಹಾಲು ಅಂತ ಕೊಡ್ತೀಯಾ?" ತಿರುಗಿ ನೋಡಲಿಲ್ಲ. ಧ್ವನಿ ಏರಲಿಲ್ಲ, ಶಾಲೆಯಲ್ಲೂ ಏರುತ್ತಿರಲಿಲ್ಲ. "ಸುತ್ತಿಗೆ ಬಿಟ್ಟು ಬಾ ಅಂದಿದ್ದೆ. ಅರವತ್ತೆರಡು ವಯಸ್ಸಾಯ್ತು ನಿನಗೆ. ಒಂದು ಮಾತು ಕೇಳೋಕಾಗಲ್ವಾ? ಅವರು ಇದ್ದಾಗಲೂ ಇದೇ ಹೇಳ್ತಿದ್ರು."

"ಹೌದು."

"ಮೂರು ವಾರ ನಾನು ಅವರ ಫೋಟೊ ಮುಂದೆ ನಿಂತು ಥ್ಯಾಂಕ್ಸ್ ಹೇಳಿದೀನಿ. ಒಂದನ್ನ ವಾಪಸ್ ಕಳಿಸಿದ್ರಲ್ಲ ಅಂತ." ಪಿಯಾನೊ ಮುಚ್ಚಿದರು. ಬೀಗ ಹಾಕಿದರು. "ಈಗ ಹೋಗು."

ನಲವತ್ತಮೂರು ವರ್ಷದಲ್ಲಿ ಆ ಮನೆಯಿಂದ ಟೀ ಕುಡಿಯದೆ ಹೊರಬಿದ್ದದ್ದು ಅದೇ ಮೊದಲು. ವ್ಯಾನಿನಲ್ಲಿ ಕೂತು ಅತ್ತೆ. ಹೇಳಿಕೊಳ್ಳಲು ಅವಮಾನವೇನಿಲ್ಲ, ಅತ್ತೆ.

ಆಮೇಲೆ ಯಾವ ಸುದ್ದಿಯೂ ಇಲ್ಲ. ಸೋಮವಾರ ಅಚ್ಚಿಗೆ ಹೋಯಿತೋ ಇಲ್ಲವೋ, ಒಂಬತ್ತನೆಯ ತುಣುಕನ್ನು ಕಿತ್ತೆಸೆದರೋ ಏನೋ. ಕೇಳಲು ನನಗೆ ಮುಖವಿರಲಿಲ್ಲ. ಸೆಪ್ಟೆಂಬರಿನಲ್ಲಿ ಒಮ್ಮೆ ಬೇಕರಿಯಲ್ಲಿ ಎದುರಾದಾಗ ಮಿಸೆಸ್ ಪ್ಯಾಸ್ಕೋ "ಗಾಳಿ ಜಾಸ್ತಿ" ಎಂದರು. "ಹೌದು" ಎಂದೆ. ಅಷ್ಟಕ್ಕೇ ಮುಗಿಯಿತು. ನಾನು ಎಂದಿನಂತೆ ಫಾರ್ಮುಗಳಿಗೆ ಹೋಗಿ ಬಂದೆ. ಒಂದು ಮಾತ್ರ ಬದಲಾಗಿತ್ತು, ಕೀ ಒತ್ತುವಾಗ ಬಲಗೈಯನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದೆ. ಅರವತ್ತೆರಡಕ್ಕೆ ಕಲಿತ ಬುದ್ಧಿ.

ನವೆಂಬರ್ ಕೊನೆ, ಗೋಧಿ ಕೊಯ್ಲಿನ ಲಾರಿಗಳು ರಸ್ತೆ ತುಂಬಿದ್ದ ಕಾಲ. ಬೆಳಿಗ್ಗೆ ಫೋನ್ ಬಂತು.

"ಕ್ಲೆಮ್. ಸುತ್ತಿಗೆ ತಗೊಂಡು ಬಾ."

ನನಗೆ ಅರ್ಥವಾಗಲಿಲ್ಲ. "ತಗೊಂಡು ಬರ್ಲಾ?"

"ಒಂದು ಮಾತು ಎಷ್ಟು ಸಲ ಹೇಳ್ಬೇಕು ನಿನಗೆ?"

ಹೋದೆ. ಆಕೆ ಒಬ್ಬರೇ ಇದ್ದರು. ಕಂಬಳಿಗಳು ಇಳಿದಿದ್ದವು, ಕಿಟಕಿಗಳು ತೆರೆದಿದ್ದವು, ನಾಲ್ಕು ವರ್ಷದಲ್ಲಿ ಮೊದಲ ಸಲ. ಮೇಜಿನ ಮೇಲೆ ತಟ್ಟೆ ಇತ್ತು. ಬಿಳಿ ಹೊದಿಕೆ, ಅದರ ಮೇಲೆ ಮೂವತ್ತೈದು ನೀಲಿ ಚುಕ್ಕಿಗಳ ಚಿತ್ರ, ಕೀಗಳ ಮೇಲೆ ಹೇಗೆ ಬಿದ್ದಿದ್ದವೋ ಹಾಗೇ. ನಾನು ಎಣಿಸಿದೆ. ಹಿಂಬದಿ ತಿರುಗಿಸಿದೆ. ಹಳೆಯ ಸಾಲು ಇರಲಿಲ್ಲ. ಹೀಗಿತ್ತು:

ಶ್ರುತಿ: ಹೆಡ್ಲಿ ಪ್ಯಾಸ್ಕೋ. ಒಂದು ತಂತಿ: ಕ್ಲೆಮೆಂಟ್ ರೋವ್.

ಅಕ್ಷರಗಳು ಕಣ್ಣಿಗೆ ಮಂಜಾದವು.

"ಟಾಮ್ಸಿನ್ ಆ ತುಣುಕು ತೆಗೆದುಹಾಕ್ತೀನಿ ಅಂತ ಕೂತಿದ್ಲು," ಎಂದರು ಮಿಸೆಸ್ ಪ್ಯಾಸ್ಕೋ. "ನಾನೇ ಬೇಡ ಅಂದೆ."

"ಯಾಕೆ?"

"ನಿನ್ನ ಮೇಲಿನ ಪ್ರೀತಿಗಲ್ಲ. ಸಿಟ್ಟು ಇನ್ನೂ ಇದೆ." ಕನ್ನಡಕ ತೆಗೆದು ಒರೆಸಿದರು. "ನಾಲ್ಕು ವರ್ಷ ಭಾನುವಾರ ಭಾನುವಾರ ಕೂತು ಇವತ್ತು ಯಾರು ಸತ್ತರು ಅಂತ ನೋಡಿದೀನಿ. ಆ ಮೂರು ವಾರ ಮಾತ್ರ ಯಾರೋ ಬಂದ್ರು ಅಂತ ನೋಡ್ದೆ. ಸುಳ್ಳೇ ಇರಬಹುದು. ಅದನ್ನ ನಿನಗೆ ವಾಪಸ್ ಕೊಡಲ್ಲ."

ತಟ್ಟೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಎದೆಗೆ ಒತ್ತಿಕೊಂಡರು.

"ಇದರಲ್ಲಿ ಇನ್ನು ಯಾರೂ ಗೈರುಹಾಜರಾಗಲ್ಲ. ದಿನಾ ಹಾಕ್ತೀನಿ. ಅಲ್ಲಿಗೆ ಅವರದ್ದು ಭದ್ರವಾಯ್ತು." ಪಿಯಾನೊ ಕಡೆ ತಲೆ ಆಡಿಸಿದರು. "ಇದು ಇನ್ನು ಪಿಯಾನೊ ಆಗಿರ್ಲಿ. ಪೂರ್ತಿ ಮಾಡು."

"ಎಂಬತ್ತೆಂಟೂ?"

"ಎಂಬತ್ತೆಂಟೂ. ಚುಕ್ಕಿ ಇರೋದನ್ನೂ."

ಹಲಗೆ ತೆಗೆದೆ, ಕವಲುಕಡ್ಡಿ ಮೊಣಕಾಲಿಗೆ ತಟ್ಟಿದೆ, ಎ ಹೊಂದಿಸಿದೆ. ಅದು ಸುಲಭವಾಯಿತು. ಪಕ್ಕದ್ದು ಚುಕ್ಕಿಯಿದ್ದ ಸ್ವರ. ಸುತ್ತಿಗೆಯನ್ನು ಬಿರಡೆಗೆ ಊರಿದೆ. ಮೂರು ತಂತಿಯೂ ಯಜಮಾನರದ್ದು, ಒಂದರೊಳಗೊಂದು ಬೆರೆತು ನಿಂತಿತ್ತು. ಆದರೆ ನಾಲ್ಕು ವರ್ಷದಲ್ಲಿ ಮೂರೂ ಒಟ್ಟಿಗೇ ಒಂದಿಷ್ಟು ಇಳಿದಿದ್ದವು, ಹೊಸ ಎ ಜೊತೆಗೆ ಕೂಡುತ್ತಿರಲಿಲ್ಲ. ಎತ್ತಲೇಬೇಕು. ನನ್ನ ಕೈ ಏಳಲಿಲ್ಲ. ಬೇಡವೆಂದಾಗ ಓಡಿದ ಕೈ, ಬೇಕೆಂದಾಗ ಕಲ್ಲಾಗಿ ಕೂತಿತು.

ಮಿಸೆಸ್ ಪ್ಯಾಸ್ಕೋ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. ಬಗ್ಗಿ, ಆ ಕೀ ಮೇಲಿನ ನೀಲಿ ಚುಕ್ಕಿಯನ್ನು ಉಗುರಿನಿಂದ ಕಿತ್ತು, ತಟ್ಟೆಯ ಹೊದಿಕೆಯ ಒಳಬದಿಗೆ ಅಂಟಿಸಿದರು.

"ಹೂಂ, ಮಾಡು."

ತಿರುಗಿಸಿದೆ. ಹಾಗೇ ಎರಡು ಗಂಟೆ ಹೊತ್ತು. ಚುಕ್ಕಿ ಬಂದಾಗಲೆಲ್ಲ ನಾನು ಒಂದು ಸಲ ಒತ್ತಿ ಕೇಳಿಸುತ್ತಿದ್ದೆ, ಆಕೆ ಅದು ಆರುವವರೆಗೆ ಕೇಳಿ ಚುಕ್ಕಿ ಕೀಳುತ್ತಿದ್ದರು, ಆಮೇಲೆ ನಾನು ಎತ್ತುತ್ತಿದ್ದೆ. ಮೂವತ್ತನಾಲ್ಕು ಸಲ. ಹೊರಗೆ ಗೋಧಿ ಲಾರಿಗಳು ಹೋಗುತ್ತಿದ್ದವು. ಎ ಮೇಲಿನ ಚುಕ್ಕಿಯನ್ನು ಆಕೆ ಕೊನೆಗೆ ಉಳಿಸಿಕೊಂಡಿದ್ದರು. ಅದನ್ನು ಕಿತ್ತು ನನ್ನ ಅಂಗಿಯ ಜೇಬಿಗೆ ಅಂಟಿಸಿದರು. "ಇದು ನಿನ್ನದು," ಎಂದರು.

ಎಡತುದಿಯ ಕೀ ಹೊರಗೆಳೆದೆ. ಅದರ ಪಕ್ಕೆಯ ಮೇಲೆ ನಲವತ್ತೊಂದು ಸಾಲು, ಎಲ್ಲ ಒಂದೇ ಕೈ, ಎಲ್ಲ ಜೂನ್ ಹದಿನಾಲ್ಕು. ಮೇಲಿನವು ಗಟ್ಟಿ ಅಕ್ಷರ, ಕೆಳಗೆ ಬರುತ್ತಾ ಬರುತ್ತಾ ನಡುಗಿದ ಅಕ್ಷರ. ಆಕೆ ಅದನ್ನು ಜೀವಮಾನದಲ್ಲಿ ನೋಡಿರಲಿಲ್ಲ. ನನ್ನ ಕೈಯಿಂದ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದು ಮೇಲಿನಿಂದ ಕೆಳಗಿನವರೆಗೆ ಬೆರಳಿಟ್ಟು ಓದಿದರು. ಆಮೇಲೆ ಅಡುಗೆಮನೆಗೆ ಹೋಗಿ, ಪೆನ್ಸಿಲ್ ತಂದು, ಕೀ ಜೊತೆ ನನ್ನ ಮುಂದಿಟ್ಟರು.

ಬರೆದೆ. ಮೊದಲು ಜುಲೈ ಹತ್ತೊಂಬತ್ತು, ಸಿ.ಆರ್., ಎ, ಒಂದು ತಂತಿ. ಅದರ ಕೆಳಗೆ ಅವತ್ತಿನ ತಾರೀಕು, ಸಿ.ಆರ್.

ಆಕೆ ಕನ್ನಡಕ ಹಾಕಿಕೊಂಡು ಎರಡೂ ಸಾಲು ನೋಡಿದರು, ಮಕ್ಕಳ ಪುಸ್ತಕ ತಿದ್ದುವಾಗ ನೋಡುತ್ತಿದ್ದ ಹಾಗೆ.

"ಸರಿ," ಎಂದರು. "ಕೈ ತೊಳ್ಕೊಂಡು ಬಾ ಕ್ಲೆಮ್. ಟೀ ಆರುತ್ತೆ."